ಗಾಳಿಯ ಮುನ್ಸೂಚನೆಯೂ ಗದ್ದೆಯ ಬೆಂಕಿಯೂ

ಮಳೆಯು ಎಂದು ಬರುವುದೆಂಬುದನ್ನು ಮುಂಚಿತವಾಗಿ ತಿಳಿಯಬೇಕೆಂಬ ಬಯಕೆಯು ಬೇಸಾಯದಷ್ಟೇ ಪುರಾತನವಾದುದು. ಮಳೆಯ ನಕ್ಷತ್ರಗಳನ್ನೂ, ಗಾಳಿಯ ದಿಕ್ಕನ್ನೂ, ಮೋಡದ ಬಣ್ಣವನ್ನೂ ನೋಡಿ ಬಿತ್ತನೆಯ ಹದವನ್ನು ಗೊತ್ತುಮಾಡಿಕೊಳ್ಳುವ ವಾಡಿಕೆಯು ರೈತಾಪಿ ಜನರಲ್ಲಿ ಈಗಲೂ ಉಂಟು. ಅದರೊಡನೆ ಹವಾಮಾನ ಇಲಾಖೆಯವರು ಪ್ರಕಟಿಸುವ ಮುನ್ಸೂಚನೆಗಳನ್ನು ವಿಚಾರಿಸುವ ಅಭ್ಯಾಸವೂ ಬೆಳೆದುಬಂದಿದೆ. ಆದರೆ ಮಳೆಯನ್ನು ಕುರಿತಂತೆಯೇ ಗಾಳಿಯ ಶುದ್ಧಾಶುದ್ಧಗಳನ್ನು ಕುರಿತೂ ಎರಡು ಮೂರು ದಿನ ಮುಂಚಿತವಾಗಿ ಹೇಳಬಹುದೆಂಬುದು ಅನೇಕ ರೈತರಿಗೆ ತಿಳಿಯದ ಸಂಗತಿಯಾಗಿದೆ. ತಿಳಿದವರೂ ಸಹ ಅದು ಪಟ್ಟಣವಾಸಿಗಳಿಗೆ ಸೇರಿದ ವಿಷಯವೆಂದೆಣಿಸಿ ಉದಾಸೀನರಾಗಿರುವುದುಂಟು.

ಈ ಎಣಿಕೆಯು ಸರಿಯಾದುದಲ್ಲ. ಗಾಳಿಯು ಕೆಟ್ಟರೆ ಬಯಲಿನಲ್ಲಿ ಹಗಲೆಲ್ಲ ದುಡಿಯುವ ರೈತನೇ ಅದನ್ನು ಅಧಿಕವಾಗಿ ಉಸಿರಾಡುವನು. ಅವನ ಬೆಳೆಯೂ ಅದರಿಂದ ನಷ್ಟವನ್ನು ಹೊಂದುವುದು. ವರ್ಷದ ಕೆಲವು ವಾರಗಳಲ್ಲಿ ಗಾಳಿಯನ್ನು ಕೆಡಿಸುವ ಹೊಗೆಯ ಒಂದು ದೊಡ್ಡ ಭಾಗವು ಗದ್ದೆಗಳಿಂದಲೇ ಏಳುವುದು. ಇದಲ್ಲದೆ ಮಳೆಯ ಮುನ್ಸೂಚನೆಗೂ ಗಾಳಿಯ ಮುನ್ಸೂಚನೆಗೂ ಒಂದು ಮುಖ್ಯವಾದ ವ್ಯತ್ಯಾಸವಿದೆ. ಮಳೆಯ ಮುನ್ಸೂಚನೆಯನ್ನು ಮನುಷ್ಯನು ಕೇಳಬಹುದೇ ಹೊರತು ತಿದ್ದಲಾರನು. ಗಾಳಿಯ ಮುನ್ಸೂಚನೆಯನ್ನಾದರೋ ತಿದ್ದಬಲ್ಲನು. ಏಕೆಂದರೆ ಅದರ ಅರ್ಧಾಂಶವು ಹವೆಯನ್ನು ಅವಲಂಬಿಸಿದ್ದರೆ ಮಿಕ್ಕ ಅರ್ಧಾಂಶವು ಮನುಷ್ಯನ ಕಾರ್ಯಗಳನ್ನೇ ಅವಲಂಬಿಸಿದೆ. ಆದಕಾರಣ ಈ ಮುನ್ಸೂಚನೆಯು ಹೇಗೆ ಸಿದ್ಧವಾಗುವುದು, ಉತ್ತರ ಹಿಂದೂಸ್ಥಾನದಲ್ಲಿ ಅದು ಏಕೆ ಅಷ್ಟು ಅವಶ್ಯಕವಾಯಿತು, ಕರ್ನಾಟಕದ ರೈತರು ಅದರಿಂದ ಕಲಿಯತಕ್ಕ ಪಾಠವೇನು ಎಂಬ ವಿಚಾರಗಳನ್ನು ಮುಂದೆ ವಿವರಿಸಲಾಗಿದೆ.

ಗಾಳಿಯನ್ನು ಅಳೆಯುವ ಬಗೆ

ಗಾಳಿಯ ಗುಣವನ್ನು ಒಂದೇ ಅಂಕೆಯಲ್ಲಿ ತಿಳಿಸುವ ಕ್ರಮವೊಂದು ಭಾರತದಲ್ಲಿ 2015ನೆಯ ಇಸವಿಯಿಂದ ಜಾರಿಯಲ್ಲಿದೆ. ಇದಕ್ಕೆ ವಾಯುಗುಣಮಟ್ಟ ಸೂಚ್ಯಂಕವೆಂದು ಹೆಸರು. ಸಣ್ಣ ಕಣಗಳು, ಅತಿಸಣ್ಣ ಕಣಗಳು, ಗಂಧಕದ ಡೈ ಆಕ್ಸೈಡ್, ಸಾರಜನಕದ ಡೈ ಆಕ್ಸೈಡ್, ಕಾರ್ಬನ್ ಮೊನಾಕ್ಸೈಡ್, ಓಝೋನ್, ಅಮೋನಿಯ, ಸೀಸ ಎಂಬ ಎಂಟು ವಸ್ತುಗಳನ್ನು ಇದರಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇವುಗಳಲ್ಲಿ ಯಾವುದು ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುವುದೋ ಅದರ ಅಂಕೆಯೇ ಆ ಸ್ಥಳದ ಸೂಚ್ಯಂಕವೆನಿಸುವುದು. ಅಂಕೆಯು 50ರ ಒಳಗಿದ್ದರೆ ಉತ್ತಮ, 51ರಿಂದ 100ರವರೆಗೆ ತೃಪ್ತಿಕರ, 101ರಿಂದ 200ರವರೆಗೆ ಸಾಧಾರಣ, 201ರಿಂದ 300ರವರೆಗೆ ಕಳಪೆ, 301ರಿಂದ 400ರವರೆಗೆ ಅತಿ ಕಳಪೆ, 401ರಿಂದ 500ರವರೆಗೆ ತೀವ್ರ ಎಂದು ಆರು ತರಗತಿಗಳನ್ನು ಮಾಡಿದ್ದಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಲಿಯವರು ಪ್ರತಿದಿನವೂ ಸಾಯಂಕಾಲ 4 ಗಂಟೆಗೆ, ಹಿಂದಿನ 24 ಗಂಟೆಗಳ ಸರಾಸರಿಯನ್ನು ಊರುಊರಿಗೆ ಬೇರೆಬೇರೆಯಾಗಿ ಪ್ರಕಟಿಸುತ್ತಾರೆ.

ಈ ಎಂಟರಲ್ಲಿ ರೈತನು ವಿಶೇಷವಾಗಿ ಗಮನಿಸತಕ್ಕುದು ಅತಿಸಣ್ಣ ಕಣಗಳನ್ನು. ಇವುಗಳ ಅಡ್ಡಳತೆಯು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡೂವರೆ ಭಾಗಕ್ಕೆ ಮೀರದು. ಅಂದರೆ ತಲೆಗೂದಲಿನ ದಪ್ಪದ ಮೂವತ್ತನೆಯ ಒಂದು ಪಾಲಿನಷ್ಟು. ಕಣದ ಧೂಳು ಮೂಗಿನಲ್ಲಿಯೂ ಗಂಟಲಿನಲ್ಲಿಯೂ ಬಹುಮಟ್ಟಿಗೆ ತಡೆಯಲ್ಪಡುವುದು. ಹೊಗೆಯಲ್ಲಿರುವ ಈ ಕಣಗಳಾದರೋ ಶ್ವಾಸಕೋಶದ ಕಟ್ಟಕಡೆಯ ಗೂಡುಗಳವರೆಗೆ ಇಳಿದು, ಅಲ್ಲಿಂದ ರಕ್ತದಲ್ಲಿಯೂ ಸೇರಬಲ್ಲವು. ಉಬ್ಬಸ, ಹೃದ್ರೋಗ, ಪಾರ್ಶ್ವವಾಯು ಮುಂತಾದ ವ್ಯಾಧಿಗಳು ಇವುಗಳಿಂದ ಹೆಚ್ಚುವುವೆಂದು ವೈದ್ಯಶಾಸ್ತ್ರಜ್ಞರು ಸಿದ್ಧಪಡಿಸಿದ್ದಾರೆ. ಒಂದು ಘನ ಮೀಟರು ಗಾಳಿಯಲ್ಲಿ ಇಂಥ ಕಣಗಳು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂಗಳನ್ನು ಮೀರಕೂಡದೆಂದು 2009ರ ಭಾರತದ ಕಟ್ಟಳೆಯು ವಿಧಿಸುವುದು. ವಿಶ್ವ ಆರೋಗ್ಯ ಸಂಸ್ಥೆಯವರು 2021ರಲ್ಲಿ ಈ ಮಿತಿಯನ್ನು 15ಕ್ಕೆ ಇಳಿಸಿದ್ದಾರೆ.

ಮುನ್ಸೂಚನೆಯು ಸಿದ್ಧವಾಗುವ ಕ್ರಮ

ಹೊಗೆಯ ಪ್ರಮಾಣವು ಒಂದೇ ಆಗಿದ್ದರೂ ಒಂದು ದಿನ ಅದು ಕಾಣದಂತೆ ಚದರಿಹೋಗುವುದು; ಮತ್ತೊಂದು ದಿನ ಊರಿನ ಮೇಲೆಯೇ ಕವಿದುಕೊಂಡು ಉಸಿರು ಕಟ್ಟಿಸುವುದು. ಇದಕ್ಕೆ ಕಾರಣವು ವಾಯುಮಂಡಲದ ಸ್ಥಿತಿಯಲ್ಲಿದೆ. ಬೇಸಗೆಯ ಮಧ್ಯಾಹ್ನದಲ್ಲಿ ನೆಲವು ಕಾದು, ನೆಲಕ್ಕೆ ತಾಗಿದ ಗಾಳಿಯು ಹಗುರವಾಗಿ ಮೇಲಕ್ಕೇಳುತ್ತ, ಒಂದೆರಡು ಕಿಲೋಮೀಟರು ಎತ್ತರದವರೆಗೆ ಎಲ್ಲವನ್ನೂ ಕಲಕಿ ಬೆರೆಸುವುದು. ಆಗ ಹೊಗೆಗೆ ಹರಡಿಕೊಳ್ಳಲು ವಿಶಾಲವಾದ ಅವಕಾಶವಿರುವುದು. ಚಳಿಗಾಲದ ರಾತ್ರಿಯಲ್ಲಿ ಇದಕ್ಕೆ ವಿರುದ್ಧವಾದ ಸ್ಥಿತಿಯುಂಟಾಗುವುದು. ನಿರಭ್ರವಾದ ಆಕಾಶದ ಕೆಳಗೆ ನೆಲವು ಬೇಗನೆ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುವುದು. ಅದರ ಮೇಲಿನ ಪದರವು ಬೆಚ್ಚಗಿರುವುದು. ಈ ಬೆಚ್ಚನೆಯ ಪದರವು ಪಾತ್ರೆಗೆ ಹಾಕಿದ ಮುಚ್ಚಳದಂತೆ ಕೆಲಸಮಾಡುವುದರಿಂದ ಹೊಗೆಯು ಅದನ್ನು ದಾಟಿ ಮೇಲೇರಲಾರದು. ಇಂಥ ಸಮಯದಲ್ಲಿ ಹೊಗೆಯು ಬೆರೆಯಬಹುದಾದ ಎತ್ತರವು ಕೆಲವು ನೂರು ಮೀಟರುಗಳಿಗೆ, ಒಮ್ಮೊಮ್ಮೆ ಅದಕ್ಕೂ ಕಡಿಮೆಗೆ, ಇಳಿಯುವುದು.

ಹೊಗೆಯು ಬೆರೆಯುವ ಎತ್ತರವನ್ನು ಗಾಳಿಯ ವೇಗದಿಂದ ಗುಣಿಸಿದರೆ ಬರುವ ಅಂಕೆಗೆ ಗಾಳಿಯಾಟದ ಸೂಚಿಯೆಂದು ಹೇಳಬಹುದು. ಇದು ಸೆಕೆಂಡಿಗೆ 6000 ಚದರ ಮೀಟರುಗಳಿಗಿಂತ ಕಡಿಮೆಯಾಗಿ, ಗಾಳಿಯ ವೇಗವೂ ಗಂಟೆಗೆ 10 ಕಿಲೋಮೀಟರಿನ ಒಳಗಿದ್ದರೆ, ಹೊಗೆಯು ಚದರಲು ಅನುಕೂಲವಿಲ್ಲವೆಂದು ಹವಾಮಾನ ಇಲಾಖೆಯವರು ನಿರ್ಣಯಿಸುತ್ತಾರೆ.

ಎತ್ತರ, ವೇಗ, ದಿಕ್ಕು, ತೇವ, ಮಳೆಯ ಸಂಭವ ಇವೆಲ್ಲವನ್ನೂ ಮೊದಲೇ ಗಣಿಸುವ ಶಕ್ತಿಯು ಹವಾಮಾನಶಾಸ್ತ್ರಕ್ಕೆ ಬಂದಿದೆ. ಇವುಗಳೊಡನೆ ವಾಹನಗಳಿಂದಲೂ, ಕಾರ್ಖಾನೆಗಳಿಂದಲೂ, ಒಲೆಗಳಿಂದಲೂ, ರಸ್ತೆಗಳ ಧೂಳಿನಿಂದಲೂ, ಗದ್ದೆಗಳ ಬೆಂಕಿಯಿಂದಲೂ ಎಷ್ಟು ಹೊಗೆಯು ಏಳುವುದೆಂಬ ಲೆಕ್ಕವನ್ನು ಸೇರಿಸಿ ಗಣಕಯಂತ್ರಗಳ ಸಹಾಯದಿಂದ ಬರುವ ದಿನಗಳ ಸೂಚ್ಯಂಕವನ್ನು ಊಹಿಸುತ್ತಾರೆ. ಪುಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು 2010ರಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳು ನಡೆದ ಸಂದರ್ಭದಲ್ಲಿ ಈ ಬಗೆಯ ಮುನ್ಸೂಚನೆಯನ್ನು ಮೊದಲುಮಾಡಿದರು. 2018ರ ಅಕ್ಟೋಬರಿನಲ್ಲಿ ದೆಹಲಿಗೆ ಪ್ರತ್ಯೇಕವಾದ ಮುನ್ನೆಚ್ಚರಿಕೆಯ ವ್ಯವಸ್ಥೆಯು ಏರ್ಪಟ್ಟಿತು. ಇದರಲ್ಲಿ ಮುಂದಿನ 3 ದಿನಗಳ ವಿವರವಾದ ಮುನ್ಸೂಚನೆಯೂ, ಅದರಾಚೆಯ ಕೆಲವು ದಿನಗಳ ಸ್ಥೂಲವಾದ ಊಹೆಯೂ ದೊರೆಯುವುವು. ಮೋಟಾರು ವಾಹನಗಳನ್ನು ನಿಲ್ಲಿಸುವುದು, ಕಟ್ಟಡದ ಕೆಲಸಗಳನ್ನು ತಡೆಯುವುದು ಮುಂತಾದ ನಿರ್ಬಂಧಗಳನ್ನು ಗಾಳಿಯು ಕೆಟ್ಟ ಮೇಲೆ ವಿಧಿಸುವುದಕ್ಕೆ ಬದಲಾಗಿ, ಮುನ್ಸೂಚನೆಯನ್ನು ನೋಡಿ 3 ದಿನ ಮುಂಚಿತವಾಗಿಯೇ ವಿಧಿಸಬೇಕೆಂಬ ಕ್ರಮವನ್ನು 2022ರಲ್ಲಿ ರಾಜಧಾನಿಯ ಪ್ರಾಂತಕ್ಕೆ ಗೊತ್ತುಮಾಡಿದರು.

ಈ ಗಣನೆಯಲ್ಲಿ ಗದ್ದೆಯ ಬೆಂಕಿಯೇ ಅತ್ಯಂತ ಅನಿಶ್ಚಿತವಾದ ಅಂಶವು. ವಾಹನಗಳ ಓಡಾಟವು ದಿನದಿನಕ್ಕೂ ಹೆಚ್ಚುಕಡಿಮೆ ಒಂದೇ ಸಮನಾಗಿರುವುದು. ಆದರೆ ನಾಳೆ ಎಷ್ಟು ಮಂದಿ ರೈತರು ಕಡ್ಡಿ ಗೀರುವರೆಂಬುದನ್ನು ಯಾವ ಯಂತ್ರವೂ ಹೇಳಲಾರದು. ಬೆಂಕಿಯ ಸ್ಥಳಗಳನ್ನು ಉಪಗ್ರಹಗಳ ಮೂಲಕ ಎಣಿಸುತ್ತಾರೆ. ಈ ಕೆಲಸಕ್ಕೆ ಮುಖ್ಯವಾಗಿ ಉಪಯೋಗಿಸಲ್ಪಡುವ ಉಪಗ್ರಹಗಳು ಹಗಲಿನಲ್ಲಿ ಒಂದು ಸ್ಥಳದ ಮೇಲೆ ಹಾದುಹೋಗುವುದು ಸುಮಾರು ಮಧ್ಯಾಹ್ನ ಒಂದೂವರೆ ಗಂಟೆಗೆ. ಅವು ದಾಟಿದ ಮೇಲೆ ಹಚ್ಚಿದ ಬೆಂಕಿಯು ಎಣಿಕೆಗೆ ಸಿಕ್ಕದೆ ಹೋಗಬಹುದು. ಎಣಿಕೆಗೆ ಸಿಕ್ಕದಿದ್ದರೂ ಅದರ ಹೊಗೆಯು ಗಾಳಿಗೆ ಸೇರದೆ ಇರದು. ಸಂಜೆಯ ಬೆಂಕಿಯ ಹೊಗೆಯು ಮೇಲೇರಲು ಅವಕಾಶವಿಲ್ಲದೆ ನೆಲದ ಮೇಲೆಯೇ ನಿಲ್ಲುವುದರಿಂದ ಅದರ ಹಾನಿಯು ಇನ್ನೂ ಹೆಚ್ಚು.

ಉತ್ತರದ ಗದ್ದೆಗಳಲ್ಲಿ ನಡೆದುದು

ಪಂಜಾಬ್, ಹರಿಯಾಣ ಪ್ರಾಂತಗಳಲ್ಲಿ ಭತ್ತದ ಹಿಂದೆಯೇ ಗೋಧಿಯನ್ನು ಬಿತ್ತುವುದು ರೂಢಿ. ಅಂತರ್ಜಲವು ವರ್ಷವರ್ಷಕ್ಕೂ ಕೆಳಗಿಳಿಯುತ್ತಿದ್ದುದನ್ನು ಕಂಡು, ಕಡುಬೇಸಗೆಯಲ್ಲಿ ಭತ್ತವನ್ನು ನಾಟಿಮಾಡದಂತೆ ತಡೆಯಲು ಪಂಜಾಬ್ ಸರ್ಕಾರದವರು 2009ರಲ್ಲಿ ಒಂದು ಶಾಸನವನ್ನು ಮಾಡಿ, ಜೂನ್ 10ಕ್ಕೆ ಮುಂಚೆ ನಾಟಿ ಕೂಡದೆಂದು ವಿಧಿಸಿದರು. ಹರಿಯಾಣದಲ್ಲಿಯೂ ಅದೇ ವರ್ಷ ಇಂಥ ಶಾಸನವಾಯಿತು. ನೀರನ್ನುಳಿಸುವ ಉದ್ದೇಶವು ಶ್ಲಾಘ್ಯವಾದುದೇ. ಆದರೆ ನಾಟಿಯು ತಡವಾದುದರಿಂದ ಕೊಯ್ಲೂ ತಡವಾಯಿತು. ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಎರಡು ಮೂರು ವಾರಗಳಷ್ಟೇ ಉಳಿದವು. ಗೋಧಿಯನ್ನು ತಡವಾಗಿ ಬಿತ್ತಿದರೆ ಕಾಳು ತುಂಬುವ ಕಾಲಕ್ಕೆ ಸೆಕೆಯು ಬಂದು ಇಳುವರಿಯು ಕುಗ್ಗುವುದು.

ಇದರೊಡನೆ ಕೂಲಿಯಾಳುಗಳ ಅಭಾವದಿಂದ ಕೊಯ್ಲಿನ ಯಂತ್ರಗಳು ಎಲ್ಲೆಡೆಯೂ ಬಂದವು. ಯಂತ್ರವು ತೆನೆಯನ್ನು ಮಾತ್ರ ಕೊಯ್ದು, ಮೊಳಕಾಲೆತ್ತರದ ಕೂಳೆಯನ್ನು ನಿಲ್ಲಿಸಿ, ಬಿಡಿ ಹುಲ್ಲನ್ನು ಸಾಲಾಗಿ ಸುರಿದುಹೋಗುವುದು. ಆ ಸೀಮೆಯಲ್ಲಿ ದನಗಳಿಗೆ ಹಾಕುವುದು ಗೋಧಿಯ ಹೊಟ್ಟನ್ನು. ಭತ್ತದ ಒರಟು ಹುಲ್ಲಿಗೆ ಅಲ್ಲಿ ಮೇವಿನ ಬೆಲೆಯಿಲ್ಲ. ಹೀಗೆ ಸಮಯವಿಲ್ಲದೆ, ಆಳಿಲ್ಲದೆ, ಹುಲ್ಲಿಗೆ ಕೊಳ್ಳುವವರೂ ಇಲ್ಲದೆ ನಿಂತ ರೈತನಿಗೆ ಒಂದು ಬೆಂಕಿಯ ಕಡ್ಡಿಯೇ ಅಗ್ಗವಾದ ಉಪಾಯವಾಗಿ ತೋರಿತು. ಅವನನ್ನು ದುಷ್ಟನೆಂದು ಭಾವಿಸುವುದು ನ್ಯಾಯವಲ್ಲ. ಒಂದು ಕೇಡನ್ನು ತಪ್ಪಿಸಲು ಮಾಡಿದ ಏರ್ಪಾಟು ಮತ್ತೊಂದು ಕೇಡಿಗೆ ದಾರಿಯಾಯಿತೆಂದು ತಿಳಿಯುವುದೇ ಸರಿ.

ದುರದೃಷ್ಟವಶಾತ್ ಈ ಬೆಂಕಿಯ ವಾರಗಳು ಅಕ್ಟೋಬರಿನ ಕಡೆಯಲ್ಲಿಯೂ ನವೆಂಬರಿನ ಮೊದಲಲ್ಲಿಯೂ, ಅಂದರೆ ಉತ್ತರದ ಬಯಲಿನಲ್ಲಿ ಗಾಳಿಯು ನಿಂತು ಮುಚ್ಚಳವು ಬೀಳುವ ಕಾಲದಲ್ಲಿಯೇ, ಬರುತ್ತವೆ. ವಾಯವ್ಯದಿಂದ ಬೀಸುವ ಗಾಳಿಯು ಹೊಗೆಯನ್ನು ದೆಹಲಿಯ ಕಡೆಗೆ ಒಯ್ಯುವುದು. 2016ರ ನವೆಂಬರಿನ ಮೊದಲ ವಾರದಲ್ಲಿ ದೆಹಲಿಯ ಮೇಲೆ ದಟ್ಟವಾದ ಹೊಗೆಮಂಜು ಕವಿದು ಶಾಲೆಗಳನ್ನು ಮುಚ್ಚಬೇಕಾಯಿತು. 2024ರ ನವೆಂಬರ್ 18ರಂದು ಆ ನಗರದ ಸೂಚ್ಯಂಕವು 490ನ್ನು ದಾಟಿತು. ದೆಹಲಿಯ ಮಾಲಿನ್ಯಕ್ಕೆಲ್ಲ ಗದ್ದೆಯ ಬೆಂಕಿಯೇ ಹೊಣೆಯೆಂದು ಹೇಳಲಾಗದು. ವಾಹನಗಳೂ, ಕಾರ್ಖಾನೆಗಳೂ, ಧೂಳೂ ವರ್ಷವೆಲ್ಲ ತಮ್ಮ ಪಾಲನ್ನು ಸಲ್ಲಿಸುತ್ತಲೇ ಇವೆ. ಆದರೆ ಬೆಂಕಿಯು ಉಲ್ಬಣವಾದ ಕೆಲವು ದಿನಗಳಲ್ಲಿ ಅಲ್ಲಿನ ಅತಿಸಣ್ಣ ಕಣಗಳ ಮೂರನೆಯ ಒಂದು ಪಾಲಿಗಿಂತಲೂ ಹೆಚ್ಚು ಗದ್ದೆಯ ಹೊಗೆಯಿಂದಲೇ ಬಂದುದುಂಟು.

ಕೂಳೆಯ ನಡುವೆಯೇ ಗೋಧಿಯನ್ನು ಬಿತ್ತುವ ಕೂರಿಗೆಗಳನ್ನೂ, ಹುಲ್ಲನ್ನು ಕತ್ತರಿಸಿ ಹರಡುವ ಸಲಕರಣೆಗಳನ್ನೂ ರೈತರಿಗೆ ಸಹಾಯಧನದೊಡನೆ ಒದಗಿಸುವ ಯೋಜನೆಯನ್ನು ಕೇಂದ್ರ ಸರ್ಕಾರದವರು 2018ರಲ್ಲಿ ಆರಂಭಿಸಿದರು. ಪಂಜಾಬಿನಲ್ಲಿ ಉಪಗ್ರಹಗಳಿಂದ ಎಣಿಸಲ್ಪಟ್ಟ ಬೆಂಕಿಗಳು 2020ರ ಕೊಯ್ಲಿನ ಕಾಲದಲ್ಲಿ 83,002 ಆಗಿದ್ದುವು. 2024ರಲ್ಲಿ 10,909ಕ್ಕೆ ಇಳಿದುವು. ಉಪಗ್ರಹದ ಕಣ್ಣು ತಪ್ಪಿದ ಸಂಜೆಯ ಬೆಂಕಿಗಳು ಈ ಲೆಕ್ಕದಲ್ಲಿ ಸೇರಿಲ್ಲವಾದುದರಿಂದ ಇಳಿತವನ್ನು ಪೂರ್ತಿಯಾಗಿ ನಂಬಲಾಗದಿದ್ದರೂ, ಸಲಕರಣೆಯೂ ತಿಳಿವಳಿಕೆಯೂ ಒದಗಿದೆಡೆಯಲ್ಲಿ ರೈತನು ಬೆಂಕಿಯನ್ನು ಬಿಡಬಲ್ಲನೆಂಬುದು ಇದರಿಂದ ವ್ಯಕ್ತವಾಗುವುದು. ಅಲ್ಲಿ ಬೆಂಕಿಯಿಟ್ಟವರಿಂದ ವಸೂಲುಮಾಡುವ ಪರಿಹಾರಧನವನ್ನೂ 2024ರ ನವೆಂಬರಿನಲ್ಲಿ ಇಮ್ಮಡಿಗೊಳಿಸಿ, ಹಿಡುವಳಿಯ ವಿಸ್ತೀರ್ಣಕ್ಕೆ ತಕ್ಕಂತೆ 5,000 ರೂಪಾಯಿಗಳಿಂದ 30,000 ರೂಪಾಯಿಗಳವರೆಗೆ ಗೊತ್ತುಮಾಡಿದ್ದಾರೆ.

ಕೆಟ್ಟ ಗಾಳಿಯಿಂದ ಬೆಳೆಗೆ ಹಾನಿ

ಹೊಗೆಯು ಮನುಷ್ಯರನ್ನು ಬಾಧಿಸುವಂತೆ ಪೈರನ್ನೂ ಬಾಧಿಸುವುದು. ಹೊಗೆಮಂಜು ಕವಿದಾಗ ಎಲೆಗಳಿಗೆ ಬೀಳುವ ಬಿಸಿಲು ಕಡಿಮೆಯಾಗುವುದು. ಇದಲ್ಲದೆ ಹೊಗೆಯಲ್ಲಿರುವ ಸಾರಜನಕದ ಆಕ್ಸೈಡುಗಳೂ ಇತರ ಆವಿಗಳೂ ಬಿಸಿಲಿನಲ್ಲಿ ಮಾರ್ಪಟ್ಟು, ನೆಲದ ಸಮೀಪದಲ್ಲಿ ಓಝೋನ್ ಎಂಬ ತೀಕ್ಷ್ಣವಾದ ಅನಿಲವು ಉತ್ಪನ್ನವಾಗುವುದು. ಆಕಾಶದ ಮೇಲ್ಪದರದಲ್ಲಿರುವ ಓಝೋನು ಜೀವರಕ್ಷಕವಾದುದಾದರೂ, ನೆಲದ ಬಳಿಯಲ್ಲಿ ಅದು ವಿಷಪ್ರಾಯವಾದುದು. ಎಲೆಗಳ ಸೂಕ್ಷ್ಮರಂಧ್ರಗಳ ಮೂಲಕ ಒಳಹೊಕ್ಕು ಅದು ಹಸುರನ್ನು ಕುಂದಿಸಿ, ಎಲೆಯನ್ನು ಅಕಾಲದಲ್ಲಿ ಮುಪ್ಪಾಗಿಸುವುದು. ಗೋಧಿ, ಸೋಯಾ ಅವರೆ ಮುಂತಾದ ಬೆಳೆಗಳು ಇದಕ್ಕೆ ಬೇಗನೆ ಈಡಾಗುವುವು.

2005ನೆಯ ವರ್ಷದ ಸ್ಥಿತಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು, ಓಝೋನಿನ ಕಾರಣದಿಂದ ಭಾರತದಲ್ಲಿ ಆ ಒಂದು ವರ್ಷ ಸುಮಾರು 35 ಲಕ್ಷ ಟನ್ನು ಗೋಧಿಯೂ 21 ಲಕ್ಷ ಟನ್ನು ಅಕ್ಕಿಯೂ ನಷ್ಟವಾಯಿತೆಂದು ಅಂದಾಜುಮಾಡಿದ್ದಾರೆ. ಈ ಓಝೋನೆಲ್ಲವೂ ಗದ್ದೆಯ ಬೆಂಕಿಯಿಂದ ಹುಟ್ಟಿದುದಲ್ಲ. ವಾಹನಗಳೂ ವಿದ್ಯುದಾಗಾರಗಳೂ ಅದಕ್ಕೆ ಮುಖ್ಯ ಕಾರಣಗಳು. ಆದರೆ ಗಾಳಿಯು ಕೆಟ್ಟರೆ ಕಣಜಕ್ಕೂ ನಷ್ಟವೆಂಬುದನ್ನು ಈ ಲೆಕ್ಕವು ತೋರಿಸುವುದು.

ಕರ್ನಾಟಕದ ಪರಿಸ್ಥಿತಿ

ದಖ್ಖನದ ಪ್ರಸ್ಥಭೂಮಿಯು ಎತ್ತರವಾಗಿಯೂ ಬಯಲಾಗಿಯೂ ಇರುವುದರಿಂದಲೂ, ಇಲ್ಲಿನ ಚಳಿಯು ಉತ್ತರದಷ್ಟು ಕಠಿನವಲ್ಲದುದರಿಂದಲೂ ದೆಹಲಿಯ ದುಃಸ್ಥಿತಿಯು ಇಲ್ಲಿಗೆ ಬಂದಿಲ್ಲ. ಆದರೂ ನಿಶ್ಚಿಂತರಾಗಿರಲು ಅವಕಾಶವಿಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧವಾಯು ಕಾರ್ಯಕ್ರಮದಲ್ಲಿ, ಗೊತ್ತಾದ ಮಟ್ಟವನ್ನು ಮುಟ್ಟದ ನಗರಗಳೆಂದು ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡ, ಕಲಬುರಗಿ ಈ ನಾಲ್ಕನ್ನು ಸೇರಿಸಿದ್ದಾರೆ. ಹಳ್ಳಿಗಳಲ್ಲಿ ಗಾಳಿಯನ್ನು ಅಳೆಯುವ ಯಂತ್ರಗಳು ಬಹು ವಿರಳ. ಅಲ್ಲಿ ಅಂಕೆಯು ದೊರೆಯದೆಂಬ ಮಾತ್ರಕ್ಕೆ ಗಾಳಿಯು ನಿರ್ಮಲವಾಗಿದೆಯೆಂದು ತಿಳಿಯಲಾಗದು.

ಈ ರಾಜ್ಯದಲ್ಲಿ ಬೆಂಕಿಯು ಎರಡು ಬೆಳೆಗಳಲ್ಲಿ ಕಾಣಬರುವುದು. ಮೊದಲನೆಯದು ಕಬ್ಬು. ಮಂಡ್ಯ, ಬೆಳಗಾವಿ, ಬಾಗಲಕೋಟೆ ಮುಂತಾದ ಜಿಲ್ಲೆಗಳಲ್ಲಿ ಕಬ್ಬನ್ನು ಕಡಿದ ಮೇಲೆ ಉಳಿಯುವ ತರಗನ್ನು, ಉತ್ತರದ ಜಿಲ್ಲೆಗಳವರು ರವದಿಯೆಂದು ಕರೆಯುವುದನ್ನು, ಹೊಲದಲ್ಲಿಯೇ ಸುಡುವ ಪದ್ಧತಿಯುಂಟು. ಎರಡನೆಯದು ನೀರಾವರಿಯ ಭತ್ತ. ತುಂಗಭದ್ರಾ ನಾಲೆಗಳ ಕೆಳಗೆ, ಗಂಗಾವತಿ, ಸಿಂಧನೂರು ಮೊದಲಾದೆಡೆಗಳಲ್ಲಿ ಮುಂಗಾರಿನ ಭತ್ತದ ಹಿಂದೆಯೇ ಬೇಸಗೆಯ ಭತ್ತವನ್ನು ಇಡುವುದರಿಂದ ಅಲ್ಲಿಯೂ ಸಮಯದ ಅಭಾವವಿದೆ. ಅಲ್ಲಿಯೂ ಕೊಯ್ಲಿನ ಯಂತ್ರಗಳು ಬಂದಿವೆ. ಕೈಗೆ ಸಿಕ್ಕದ ಬಿಡಿಹುಲ್ಲಿಗೆ ಬೆಂಕಿಯಿಡುವ ಅಭ್ಯಾಸವೂ ಹಿಂದೆಯೇ ಬಂದಿದೆ. ಪಂಜಾಬಿನಲ್ಲಿ ನಡೆದುದರ ಮೊದಲ ಹೆಜ್ಜೆಗಳು ಇವೇ ಆಗಿದ್ದುವೆಂಬುದನ್ನು ಮರೆಯಲಾಗದು.

ಈ ಬೆಂಕಿಗಳ ಕಾಲವನ್ನು ಗಮನಿಸಿದರೆ ಇನ್ನೊಂದು ಸಂಗತಿಯು ಹೊಳೆಯುವುದು. ಮುಂಗಾರು ಭತ್ತದ ಕೊಯ್ಲು ನವೆಂಬರು, ಡಿಸೆಂಬರುಗಳಲ್ಲಿ. ಕಬ್ಬಿನ ಕಟಾವು ಅದೇ ತಿಂಗಳುಗಳಲ್ಲಿ ಮೊದಲಾಗಿ ಮಾಗಿಯನ್ನೆಲ್ಲ ವ್ಯಾಪಿಸುವುದು. ಇಲ್ಲಿಯೂ ಮುಚ್ಚಳವು ಬೀಳುವ ಕಾಲ ಅದೇ ಆಗಿದೆ. ಮಾಗಿಯ ಸಂಜೆಯಲ್ಲಿ ಊರಿನ ಒಲೆಗಳ ಹೊಗೆಯು ಸ್ವಲ್ಪ ದೂರ ನೆಟ್ಟಗೆ ಏರಿ, ಮರಗಳ ತಲೆಯ ಮಟ್ಟದಲ್ಲಿ ತಟ್ಟನೆ ಅಡ್ಡಲಾಗಿ ಹಾಸಿಕೊಳ್ಳುವುದನ್ನು ಎಲ್ಲರೂ ನೋಡಿರುತ್ತಾರೆ. ಅದೇ ಮುಚ್ಚಳದ ಗುರುತು. ಅಂಥ ಸಂಜೆಯಲ್ಲಿ ಹಚ್ಚಿದ ಹತ್ತು ಎಕರೆಯ ಬೆಂಕಿಯ ಹೊಗೆಯು ಬೆಳಗಾಗುವವರೆಗೂ ಊರನ್ನು ಬಿಟ್ಟು ಕದಲದು. ತೊಟ್ಟಿಲಿನ ಮಗುವೂ, ಉಬ್ಬಸದ ಮುದುಕರೂ, ಬಸುರಿ ಹೆಂಗಸರೂ ರಾತ್ರಿಯೆಲ್ಲ ಅದನ್ನೇ ಉಸಿರಾಡಬೇಕಾಗುವುದು. ಹೆದ್ದಾರಿಯ ಬದಿಯ ಹೊಲವಾದರೆ, ಎದುರಿನ ದಾರಿ ಕಾಣದೆ ವಾಹನಗಳಿಗೆ ಅಪಾಯವೂ ಉಂಟು.

ಸುಟ್ಟರೆ ಹೋಗುವುದೇನು

ಒಂದು ಟನ್ನು ಭತ್ತದ ಹುಲ್ಲಿನಲ್ಲಿ ಸುಮಾರು ಐದೂವರೆ ಕಿಲೋ ಸಾರಜನಕವೂ, 2.3 ಕಿಲೋ ರಂಜಕಾಂಶವೂ, 25 ಕಿಲೋ ಪೊಟ್ಯಾಷೂ, 1.2 ಕಿಲೋ ಗಂಧಕವೂ ಅಡಗಿರುವುವು. ಬೆಂಕಿಯಿಟ್ಟಾಗ ಸಾರಜನಕವು ಬಹುತೇಕ ಪೂರ್ತಿಯಾಗಿಯೂ, ಗಂಧಕವು ಅರ್ಧದಷ್ಟಾಗಿಯೂ, ರಂಜಕ ಮತ್ತು ಪೊಟ್ಯಾಷುಗಳು ನಾಲ್ಕೈದರಲ್ಲೊಂದು ಪಾಲಾಗಿಯೂ ಗಾಳಿಗೆ ಹೋಗುವುವು. ಎಕರೆಗೆ ಎರಡು ಟನ್ನು ಹುಲ್ಲು ಸಿಕ್ಕುವುದೆಂದಿಟ್ಟುಕೊಂಡರೆ 11 ಕಿಲೋ ಸಾರಜನಕವು, ಎಂದರೆ 24 ಕಿಲೋ ಯೂರಿಯದಷ್ಟು ಸತ್ತ್ವವು, ಒಂದು ಗಂಟೆಯಲ್ಲಿ ಹೊಗೆಯಾಗುವುದು. ಇದು 45 ಕಿಲೋ ಚೀಲದ ಅರ್ಧಕ್ಕಿಂತಲೂ ಹೆಚ್ಚು. ಮಿಕ್ಕುದು ಬೂದಿಯಲ್ಲಿ ಉಳಿದರೂ ಗಾಳಿಗೂ ನೀರಿಗೂ ಕೊಚ್ಚಿಹೋಗುವ ಸಂಭವವುಂಟು.

ಇದಕ್ಕಿಂತ ದೊಡ್ಡ ನಷ್ಟವು ಲೆಕ್ಕಕ್ಕೆ ಸಿಕ್ಕದಂಥದು. ಹುಲ್ಲು ಕೊಳೆತು ಮಣ್ಣಿಗೆ ಸೇರಿದ್ದರೆ ಮಣ್ಣನ್ನು ಸಡಿಲಗೊಳಿಸಿ ತೇವವನ್ನು ಹಿಡಿದಿಡತಕ್ಕ ಜೈವಿಕಾಂಶವು ಬೆಂಕಿಯಲ್ಲಿ ನಾಶವಾಗುವುದು. ನೆಲದ ಮೇಲ್ಪದರದಲ್ಲಿದ್ದು ಗೊಬ್ಬರವನ್ನು ಪಚನಮಾಡಿ ಬೇರಿಗೆ ಉಣಿಸುವ ಸೂಕ್ಷ್ಮಜೀವಿಗಳೂ ಆ ಕಾವಿಗೆ ಸಾಯುವುವು. ಇತ್ತ ಒಂದು ಟನ್ನು ಹುಲ್ಲಿನ ಬೆಂಕಿಯಿಂದ ಸುಮಾರು 3 ಕಿಲೋ ಕಣಗಳೂ, 60 ಕಿಲೋ ಕಾರ್ಬನ್ ಮೊನಾಕ್ಸೈಡೂ ಗಾಳಿಗೆ ಸೇರುವುವು. ಉತ್ತರದ ರೈತನಿಗೆ ಹುಲ್ಲಿನಲ್ಲಿ ಮೇವಿನ ಬೆಲೆ ಕಾಣದೆ ಹೋಯಿತು. ಕರ್ನಾಟಕದಲ್ಲಾದರೋ ಭತ್ತದ ಹುಲ್ಲೇ ದನಗಳ ಮುಖ್ಯ ಆಹಾರವು. ಮಳೆ ತಪ್ಪಿದ ವರ್ಷದಲ್ಲಿ ಒಂದು ಮೆದೆ ಹುಲ್ಲಿಗಾಗಿ ರೈತರು ಪಕ್ಕದ ತಾಲ್ಲೂಕಿಗೆ ಗಾಡಿ ಕಟ್ಟುವ ಈ ನಾಡಿನಲ್ಲಿ ಹುಲ್ಲನ್ನು ಸುಡುವುದು ಎರಡು ಪಟ್ಟು ನಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಅನುಸರಿಸತಕ್ಕ ಕ್ರಮಗಳು

1. ಯಂತ್ರದಿಂದ ಭತ್ತವನ್ನು ಕೊಯ್ಸುವವರು ಬಾಡಿಗೆಯನ್ನು ಗೊತ್ತುಮಾಡುವಾಗಲೇ ಹುಲ್ಲನ್ನು ಉಂಡೆಕಟ್ಟುವ ಯಂತ್ರವನ್ನೂ ಗೊತ್ತುಮಾಡಿಕೊಳ್ಳತಕ್ಕದ್ದು. ಕೊಯ್ಲಾದ ಒಂದೆರಡು ದಿನಗಳಲ್ಲಿ, ಹುಲ್ಲು ಒಣಗಿರುವಾಗಲೇ, ಕಟ್ಟಿಸಿದರೆ ಅದು ಮೇವಿಗೂ ಮಾರಾಟಕ್ಕೂ ಯೋಗ್ಯವಾಗಿ ಉಳಿಯುವುದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಲ್ಲಿಯೂ ಸಲಕರಣೆಗಳನ್ನು ಕುರಿತು ವಿಚಾರಿಸಬಹುದು.

2. ಒಣಹುಲ್ಲಿನ ಪುಷ್ಟಿಯನ್ನು ಹೆಚ್ಚಿಸಲು 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯವನ್ನು ಸುಮಾರು 50 ಲೀಟರು ನೀರಿನಲ್ಲಿ ಕರಗಿಸಿ, ಪದರಪದರವಾಗಿ ಸಮನಾಗಿ ಚಿಮುಕಿಸಿ, ತುಳಿದು ಬಿಗಿಮಾಡಿ, ಗಾಳಿಯಾಡದಂತೆ ಮುಚ್ಚಿ 3 ವಾರ ಬಿಡಬೇಕು. ತರುವಾಯ ತೆಗೆದು ಗಾಳಿಗೆ ಆರಿಸಿ ಸ್ವಲ್ಪಸ್ವಲ್ಪವಾಗಿ ಅಭ್ಯಾಸಮಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೂ ಕುದುರೆ, ಕತ್ತೆಗಳಿಗೂ ಇದನ್ನು ಹಾಕಕೂಡದು. ಯೂರಿಯವನ್ನು ಕರಗಿಸಿದ ನೀರನ್ನು ದನಗಳು ಕುಡಿಯದಂತೆ ಎಚ್ಚರದಿಂದಿರತಕ್ಕದ್ದು.

3. ಹುಲ್ಲನ್ನು ತೆಗೆಯಲು ಸಾಧ್ಯವೇ ಇಲ್ಲದ ಗದ್ದೆಗಳಲ್ಲಿ ಅದನ್ನು ಕತ್ತರಿಸಿ ಹರಡಿ, ನೀರು ಕಟ್ಟಿ ಉತ್ತು ಮಣ್ಣಿಗೆ ಸೇರಿಸಬೇಕು. ಹಸಿಹುಲ್ಲು ಕೊಳೆಯುವಾಗ ಮಣ್ಣಿನ ಸಾರಜನಕವನ್ನು ತಾತ್ಕಾಲಿಕವಾಗಿ ಸೆಳೆದುಕೊಳ್ಳುವುದರಿಂದ, ಸ್ವಲ್ಪ ಯೂರಿಯವನ್ನಾಗಲಿ ಕೊಳೆಯಿಸುವ ಜೀವಾಣುಗಳ ದ್ರಾವಣವನ್ನಾಗಲಿ ಕೊಟ್ಟು, ಎರಡು ಮೂರು ವಾರಗಳು ಕಳೆದ ಮೇಲೆ ನಾಟಿಮಾಡುವುದು ಉತ್ತಮ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು ಇಂಥ ಜೀವಾಣುಗಳನ್ನು ಗುಳಿಗೆಗಳ ರೂಪದಲ್ಲಿ ಸಿದ್ಧಪಡಿಸಿದ್ದಾರೆ.

4. ಕಬ್ಬಿನಲ್ಲಿ ಹೆಕ್ಟೇರಿಗೆ ಸುಮಾರು 8ರಿಂದ 10 ಟನ್ನುಗಳಷ್ಟು ತರಗು ಸಿಕ್ಕುವುದು. ಕೂಳೆ ಬೆಳೆಯನ್ನು ಬಿಡುವವರು ಇದನ್ನು ಸಾಲುಬಿಟ್ಟು ಸಾಲಿನಲ್ಲಿ ಹಾಸಿ, ಮೇಲೆ ಸ್ವಲ್ಪ ಯೂರಿಯ, ಸೂಪರ್ ಫಾಸ್ಫೇಟು ಮತ್ತು ಸಗಣಿಯ ನೀರನ್ನು ಚೆಲ್ಲಿದರೆ, ತೇವವು ಉಳಿದು, ಕಳೆಯು ಅಡಗಿ, ಮುಂದಿನ ಮಳೆಗಾಲದೊಳಗಾಗಿ ತರಗು ಗೊಬ್ಬರವಾಗುವುದು. ಟ್ರ್ಯಾಕ್ಟರಿಗೆ ಕಟ್ಟಿ ತರಗನ್ನು ಪುಡಿಮಾಡುವ ಯಂತ್ರಗಳನ್ನು ನಾಲ್ಕಾರು ಮಂದಿ ರೈತರು ಕೂಡಿ ಬಾಡಿಗೆಗೆ ತರಿಸಿಕೊಂಡರೆ ಖರ್ಚು ಹಗುರವಾಗುವುದು. ತರಗನ್ನು ಸುಟ್ಟರೆ ಚಿಗುರು ಚೆನ್ನಾಗಿ ಬರುವುದೆಂಬ ಅಭಿಪ್ರಾಯವು ಕೆಲವರಲ್ಲಿದೆ. ಬುಡಗಳನ್ನು ನೆಲಮಟ್ಟಕ್ಕೆ ಸವರುವುದರಿಂದಲೇ ಚಿಗುರು ಸಮನಾಗಿ ಬರುವುದು. ಅದಕ್ಕೆ ಬೆಂಕಿಯ ಅವಶ್ಯಕತೆಯಿಲ್ಲ.

5. ಜಿಲ್ಲಾಕೇಂದ್ರದ ಸೂಚ್ಯಂಕವನ್ನೂ ಬರುವ ದಿನಗಳ ಗಾಳಿಯ ವೇಗವನ್ನೂ ದಿನಪತ್ರಿಕೆಯಲ್ಲಾಗಲಿ ಕೈಫೋನಿನಲ್ಲಾಗಲಿ ನೋಡುವ ಅಭ್ಯಾಸವು ಒಳ್ಳೆಯದು. ಗಾಳಿಯು ನಿಲ್ಲುವುದೆಂದೂ ಬೆಳಗಿನ ಮಂಜು ದಟ್ಟವಾಗುವುದೆಂದೂ ಮುನ್ಸೂಚನೆಯಿದ್ದ ದಿನಗಳಲ್ಲಿ ಒಕ್ಕಣೆ, ತೂರುವಿಕೆ ಮುಂತಾದ ಧೂಳಿನ ಕೆಲಸಗಳನ್ನು ಬಿಸಿಲೇರಿದ ಮೇಲೆ ಮಾಡತಕ್ಕದ್ದು. ಮೂಗುಬಾಯಿಗಳಿಗೆ ಒತ್ತಾದ ಮುಸುಕನ್ನು ಕಟ್ಟಿಕೊಳ್ಳತಕ್ಕದ್ದು. ಉಬ್ಬಸವುಳ್ಳವರು ಇಂಥ ಕೆಲಸಕ್ಕೆ ಹೋಗದಿರತಕ್ಕದ್ದು. ತಿಪ್ಪೆಯ ಕಸಕ್ಕೂ, ಬದುವಿನ ಒಣಹುಲ್ಲಿಗೂ, ಹಳೆಯ ಪ್ಲಾಸ್ಟಿಕ್ಕಿಗೂ ಬೆಂಕಿಯಿಡುವುದನ್ನು ಪೂರ್ತಿಯಾಗಿ ನಿಲ್ಲಿಸಬೇಕು.

6. ಯಂತ್ರವೂ ಫೋನೂ ಇಲ್ಲದೆಡೆಯಲ್ಲಿ ಹೊಗೆಯೇ ಮುನ್ಸೂಚಕವು. ಸಂಜೆಯ ಒಲೆಯ ಹೊಗೆಯು ಅಡ್ಡಲಾಗಿ ಹಾಸಿಕೊಂಡರೆ ಆ ರಾತ್ರಿಯೂ ಮರುದಿನದ ಬೆಳಗೂ ಗಾಳಿಯು ಕೆಡುವುದೆಂದು ತಿಳಿಯಬಹುದು. ಮಾಗಿಯಲ್ಲಿ ಇಲ್ಲಿನ ಗಾಳಿಯು ಸಾಮಾನ್ಯವಾಗಿ ಮೂಡಲಿನಿಂದಲೂ ಈಶಾನ್ಯದಿಂದಲೂ ಬೀಸುವುದರಿಂದ, ಹೊಲದ ಪಡುವಲಿಗೆ ಇರುವ ಊರಿನವರೇ ಅದರ ಹೊಗೆಗೆ ಗುರಿಯಾಗುವರು.

ಸಮಯದ ಅಭಾವವೂ ಕೂಲಿಯ ದುಬಾರಿಯೂ ನಿಜವಾದ ಕಷ್ಟಗಳು. ಒಬ್ಬ ರೈತನೇ ಅವನ್ನು ಎದುರಿಸುವುದು ಸುಲಭವಲ್ಲ. ಸಹಕಾರ ಸಂಘಗಳೂ, ಸಕ್ಕರೆ ಕಾರ್ಖಾನೆಗಳೂ, ಹಾಲು ಉತ್ಪಾದಕರ ಸಂಘಗಳೂ ಯಂತ್ರಗಳನ್ನೊದಗಿಸಿ ಹುಲ್ಲಿಗೂ ತರಗಿಗೂ ಬೆಲೆ ಬರುವಂತೆ ಮಾಡಿದರೆ ಈ ಭಾರವು ಹಂಚಿಹೋಗುವುದು. ಉತ್ತರದಲ್ಲಿ ಇಂಥ ಏರ್ಪಾಟುಗಳು ಗಾಳಿಯು ಕೆಟ್ಟ ಅನೇಕ ವರ್ಷಗಳ ಮೇಲೆ ಬಂದುವು. ಇಲ್ಲಿ ಅದಕ್ಕೆ ಮುಂಚೆಯೇ ಬರಲು ಇನ್ನೂ ಅವಕಾಶವಿದೆ. ಈ ವರ್ಷದ ಕೊಯ್ಲಿನಲ್ಲಿ ಪ್ರತಿಯೊಬ್ಬ ರೈತನೂ ಒಂದು ಎಕರೆಯ ಹುಲ್ಲನ್ನಾದರೂ ಸುಡದೆ ಉಳಿಸಿ, ಅದರಿಂದ ಮೇವಿನಲ್ಲಿಯೂ ಮುಂದಿನ ಬೆಳೆಯಲ್ಲಿಯೂ ಆಗುವ ಲಾಭವನ್ನು ಸ್ವತಃ ಪರೀಕ್ಷಿಸಿ ನೋಡುವುದು ಯುಕ್ತವಾಗಿದೆ.